ಕ್ಲಾಸಿನಲ್ಲಿ ಆನೆಯಾದದ್ದು

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ದನಿ ಕದಿಯುವುದು. ಹೆಡ್‌ಮಾಸ್ಟರ ಕೆಮ್ಮು, ಚಾಮರಾಜನಗರದ ಬಸ್ ಕಂಡಕ್ಟರನ ಸೀಟಿ, ಹೆಣ್ಣು ನೋಡಲು ಹೋದಾಗ ತೊದಲಿದ ನನ್ನದೇ ದನಿ, ಯಾವುದನ್ನೂ ಬಿಟ್ಟವನಲ್ಲ. ಬಿ.ಎಡ್.ನಲ್ಲಿ ಇದಕ್ಕೆ ಅಂಕ ಕೊಡುವುದಿಲ್ಲ. ಕೊಟ್ಟಿದ್ದರೆ ಚಂದಕವಾಡಿಯಿಂದ ಬಸ್ ಮೇಲೆ ಬಸ್ ಹತ್ತಿ ಗೋಪಾಲಸ್ವಾಮಿ ಬೆಟ್ಟದ ಬುಡದ ಹೈಸ್ಕೂಲಿಗೆ ಅತಿಥಿ ಶಿಕ್ಷಕನಾಗಿ ಬರುತ್ತಿರಲಿಲ್ಲ.

ಆ ವಾರ ಆನೆಯೊಂದು ಜೋಳದ ಹೊಲಕ್ಕೆ ನುಗ್ಗಿ, ಅಡ್ಡ ಬಂದ ರೈತನ ತೊಡೆ ತುಳಿದು ಮುರಿದಿತ್ತು. ಮಕ್ಕಳ ಪುಸ್ತಕದಲ್ಲಿ ಪರಿಸರವೆಂದರೆ ಹುಲ್ಲಿನಿಂದ ಜಿಂಕೆಗೆ, ಜಿಂಕೆಯಿಂದ ಹುಲಿಗೆ ಎಳೆದ ಬಾಣದ ಗುರುತು. ಮುರಿದ ತೊಡೆಗೆ ಅದರಲ್ಲಿ ಜಾಗವಿರಲಿಲ್ಲ. ಅದಕ್ಕೇ ಒಂಬತ್ತನೇ ಕ್ಲಾಸಿನ ಕನ್ನಡ ಪೀರಿಯಡ್ಡಿನಲ್ಲಿ ನ್ಯಾಯ ಪಂಚಾಯ್ತಿ ಕೂರಿಸಿದೆ. ಆರೋಪಿ ಆನೆ, ಅಂದರೆ ನಾನು. ಆನೆಯ ಪರ ವಕೀಲೆ ಅರಣ್ಯ ಇಲಾಖೆಯ ವಾಚರ್ ಮಗಳು, ಮಾತಿನಲ್ಲಿ ನನ್ನನ್ನೇ ನುಂಗಿ ನೀರು ಕುಡಿಯುವ ಹುಡುಗಿ.

"ಅದು ಓಡಾಡೋ ದಾರೀಲಿ ಕಂದ್ಕ ತೋಡ್ದೋರ್ ಯಾರು? ಕರೆಂಟ್ ತಂತಿ ಎಳ್ದೋರ್ ಯಾರು? ಎಲ್ಲಿಗ್ ಓಗ್ಬೇಕು ಸ್ವಾಮಿ ಅದು?" ಎಂದು ಬೆಂಚು ಗುದ್ದಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವೇನ್ ಸಾರ್ ಮೂಗಾನೆ ಥರ ನಿಂತಿದ್ದೀರಿ? ಮಾತಾಡಿ!" ಎಂದಳು.

ಕೈ ಎರಡನ್ನೂ ಬಾಯಿಗೆ ಹಿಡಿದು ಘೀಳಿಟ್ಟೆ. ಹಂಚು ನಡುಗಿತು. ಚಪ್ಪಾಳೆ ಬಿತ್ತು. ಬೀಗಿದವನು ಇನ್ನೆರಡು ಸಲ ಘೀಳಿಟ್ಟೆ.

ಪಕ್ಕದ ಹೊಲದವರು ದೊಣ್ಣೆ, ಮಚ್ಚು ಹಿಡಿದು ಓಡಿ ಬಂದರು. ಆನೆ ಬೆದರಿಸಲು ಎಸೆದ ಪಟಾಕಿ ಕಿಟಕಿಯೊಳಗೆ ಸಿಡಿದು ಮುಂದಿನ ಬೆಂಚಿನವನ ತೋಳು ಸುಟ್ಟಿತು. ಆನೆ ಎಲ್ಲೂ ಇಲ್ಲ. ಅಷ್ಟರಲ್ಲಿ ಕಾಡಿನ ಕಡೆಯಿಂದ ವಾಚರ್ ಏದುಸಿರು ಬಿಡುತ್ತ ಬಂದ.

"ಮೊನ್ನೆ ಪೋನ್ ಮೇಲ್ ಪೋನ್ ಮಾಡುದ್ರೂ ಬರ್ನಿಲ್ಲ. ಈಗ ಎಂಗ್ಲಾ ಬಂದೆ, ಇಷ್ಟ್ ಬಿರ್ನೆ? ಆನೇನ ಇತ್ಲಾಗ್ ಅಟ್ದೋನ್ ನೀನೇ ಕಣ್ಲಾ!" ಎಂದು ಹೊಲದವನೊಬ್ಬ ಅವನ ಮೇಲೆ ಏರಿ ಹೋದ.

ಮೊದಲ ದೊಣ್ಣೆ ಹೆಗಲಿಗೆ, ಎರಡನೆಯದು ತಲೆಗೆ. ಖಾಕಿ ಅಂಗಿ ಹಿಡಿದು ಅಂಗಳಕ್ಕೆ ಎಳೆದು ಪಕ್ಕೆಗೆ ಒದ್ದರು. ದೊಣ್ಣೆ ಮೂಳೆಗೆ ತಾಗುವ ಸದ್ದೊಂದನ್ನು ಮಾತ್ರ ನಾನು ಇವತ್ತಿಗೂ ಅನುಕರಿಸಿಲ್ಲ.

"ಕೂಗಿದ್ದು ನಾನು ಕಣ್ರಣ್ಣ! ಅವನದೇನೂ ಇಲ್ಲ!" ಎಂದು ನಡುವೆ ನುಗ್ಗಿದೆ.

"ಅವನ್ನ ಉಳ್ಸಕ್ಕೆ ಸುಳ್ ಏಳ್ಬೇಡಿ ಮೇಷ್ಟ್ರೇ," ಎಂದವನು ಬಹುವಚನ ಬಿಡದೆ ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ನಾಲಿಗೆಯ ಮೇಲೆ ಬಂತು.

ಹುಡುಗಿ ಅಪ್ಪನ ಮೇಲೆ ಅಡ್ಡ ಬಿದ್ದಿದ್ದಳು. ಬೆನ್ನಿಗೆ ಒಂದು ಏಟು ಬಿತ್ತು. "ಕೂಗಿ ಸಾರ್! ಈಗ್ ಕೂಗಿ, ನಂಬ್ತಾರೆ! ಸಾಯಿಸ್ಬುಡ್ತಾರೆ ಸಾರ್!"

ಕೂಗಿದೆ. ರಕ್ತದ ಜೊತೆ ಬಂದದ್ದು ಪಂಕ್ಚರಾದ ಸೈಕಲ್ಲಿನ ಸದ್ದು. ಕೈ ಮತ್ತೆ ಬಾಯಿಗಿಟ್ಟು, ಕಣ್ಣು ಹೊರಬರುವ ಹಾಗೆ ಊದಿದೆ. ಫುಸ್. ದೊಣ್ಣೆ ಎತ್ತಿದ್ದವರಲ್ಲೊಬ್ಬ ಫಕ್ಕನೆ ನಕ್ಕ. ನಗು ಪಕ್ಕದವನಿಗೂ ಹತ್ತಿತು. ನಗುತ್ತ ಹೊಡೆಯುವುದು ಅವರಿಗೆ ಆಗಲಿಲ್ಲ. ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು.

ಅವಳು ನಗಲಿಲ್ಲ. ವೇಲಿನಿಂದ ಅಪ್ಪನ ತಲೆ ಬಿಗಿದು ಕಟ್ಟಿ, "ಕಾಲ್ ಇಡ್ಕಳಿ ಸಾರ್," ಎಂದಳು. ಹಿಡಿದುಕೊಂಡೆ. ಟೆಂಪೊ ತಂದವನು ಮೊದಲು ನಕ್ಕವನೇ. ಗುಂಡ್ಲುಪೇಟೆ ಆಸ್ಪತ್ರೆವರೆಗೂ ಅವನು ಮಳೆ, ಜೋಳ, ರೋಡು ಅಂತ ಮಾತಾಡಿಸುತ್ತಲೇ ಇದ್ದ. ಹಿಂದೆ ಅವಳು ಅಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡು ವೇಲಿನ ಗಂಟು ಬಿಗಿಯುತ್ತಿದ್ದಳು, ತೋಳು ಸುಟ್ಟ ಹುಡುಗನನ್ನು ಒರಗಿಸಿಕೊಂಡು ನಾನು ಬಿದ್ದ ಹಲ್ಲನ್ನು ಮುಷ್ಟಿಯಲ್ಲಿ ಹಿಡಿದಿದ್ದೆ.