ಎಕ್ಸ್ ಮತ್ತು ಕ್ಯೂ ಇರುವ ಉದ್ದನೆಯ ಪದ

ನನ್ನನ್ನು ನೋಡಲು ಬಂದವರು ಹಾಡು ಹೇಳಿಸಲಿಲ್ಲ, ರಂಗೋಲಿ ಹಾಕಿಸಲಿಲ್ಲ. ಇಂಗ್ಲಿಷ್ ಪದ ಹೇಳಿಸಿದರು. ಇದನ್ನು ಕೇಳಿದರೆ ಈಗಿನವರು ನಗುತ್ತಾರೆ. ಅವತ್ತು ನನಗೆ ನಗು ಬಂದಿರಲಿಲ್ಲ, ಈಗಲೂ ಬರುವುದಿಲ್ಲ.

ತಪ್ಪೆಲ್ಲ ಅಪ್ಪನದು. ನೇಗಿಲು ಹಿಡಿದ ಮನೆತನದಲ್ಲಿ ಮೊದಲು ಪುಸ್ತಕ ಹಿಡಿದವರು ಅವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿದ್ದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಎಣ್ಣೆ ಸ್ನಾನ. ಹಂಡೆಯ ನೀರು ಕಾಯುವ ತನಕ ಅಣ್ಣನೂ ನಾನೂ ತಲೆಗೆ ಹರಳೆಣ್ಣೆ ಮೆತ್ತಿಸಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂರಬೇಕು. ಆ ಹೊತ್ತು ಹಾಳಾಗಬಾರದೆಂದು ಅಪ್ಪ ಒಂದು ಆಟ ಕಟ್ಟಿದ್ದರು. ಎರಡು ಅಕ್ಷರ ಕೊಡುವರು. ಎರಡೂ ಇರುವ ಇಂಗ್ಲಿಷ್ ಪದ ಹೇಳಬೇಕು, ಅರ್ಥವನ್ನೂ ಹೇಳಬೇಕು. ಯಾರ ಪದ ಉದ್ದವೋ ಅವರಿಗೆ ಮೊದಲ ಬಿಸಿನೀರು. ಜೆ, ಎಫ್ ಅಂದರೆ ಅಣ್ಣ ಜಾಯ್‌ಫುಲ್ ಅನ್ನುವನು, ನಾನು ಜಸ್ಟಿಫಿಕೇಶನ್ ಅನ್ನುವೆ. ಅವನು ಪಾಪ, ಕಣ್ಣಿಗಿಳಿದ ಎಣ್ಣೆ ಒರೆಸಿಕೊಳ್ಳುತ್ತ ಕೂತಿರುವನು. "ನಿಮ್ಮ ಹುಚ್ಚಾಟದಲ್ಲಿ ಸೌದೆ ಎಲ್ಲಾ ಉರಿದೋಯ್ತದೆ," ಎಂದು ಅವ್ವ ಗೊಣಗುವಳು. ಅವ್ವನಿಗೆ ಇಂಗ್ಲಿಷ್ ಹಾಗಿರಲಿ, ಕನ್ನಡವೂ ಅಕ್ಷರ ಕೂಡಿಸಿಕೊಂಡು ಓದುವಷ್ಟೇ ಬರುತ್ತಿತ್ತು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ನಾನು ಇಂಟರ್‌ಮೀಡಿಯೇಟ್ ಪಾಸಾಗಿದ್ದೆ. ಬಿ.ಎ.ಗೆ ಸೇರಬೇಕೆಂಬುದು ಬಿಟ್ಟರೆ ನನಗೆ ಬೇರೆ ಧ್ಯಾನವೇ ಇರಲಿಲ್ಲ. ಅಷ್ಟರಲ್ಲಿ ಒಂದು ಸಂಬಂಧ ಬಂತು. ಹುಡುಗ ಬಿ.ಎ. ಮಾಡಿ ಸರ್ಕಾರಿ ಕೆಲಸದಲ್ಲಿದ್ದರು, ಅವರ ತಂದೆ ಅಮಲ್ದಾರರಾಗಿ ನಿವೃತ್ತರಾದವರು. ನಮ್ಮ ಭಾನುವಾರದ ಆಟವನ್ನು ಅಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದರಿಂದ ಅದು ಅವರ ಕಿವಿಗೂ ಬಿದ್ದಿತ್ತು. ಹಾಡು ಗೀಡು ಬೇಡ, ಆ ಆಟ ಆಡಿಸಿ, ನಮ್ಮ ಹುಡುಗನೂ ಆಡಲಿ ಎಂದು ಅಮಲ್ದಾರರು ಹೇಳಿ ಕಳುಹಿಸಿದರು.

ನಾನು ಅತ್ತೆ. ಮದುವೆ ಬೇಡವೆಂದಲ್ಲ, ಓದು ನಿಂತುಹೋಗುತ್ತದೆಂದು. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, "ಅಳಬೇಡ ಕಣಮ್ಮ. ನೀನು ಚೆನ್ನಾಗಿ ಹೇಳು, ಸಾಕು. ಇಂಥ ಹುಡುಗೀನ ಓದಿಸ್ದೆ ಇರಬಾರದು ಅಂತ ಅವರಿಗೇ ಅನ್ನಿಸ್ಬೇಕು. ಬಿ.ಎ. ಆದ್ಮೇಲೇ ಮದುವೆ ಅಂತ ನಾನು ಬಾಯಿಬಿಟ್ಟು ಕೇಳ್ತೀನಿ," ಅಂದರು. ಆ ಮಾತು ನಂಬಿ ನಾನು ಡಿಕ್ಷನರಿ ಅರೆದು ಕುಡಿದೆ.

ಅವರು ಬಂದದ್ದು ಒಂದು ಸಂಜೆ, ಹುಡುಗ ಮತ್ತು ತಂದೆ ತಾಯಿ. ಕೇಸರಿಬಾತು, ಕಾಫಿ ಆಯಿತು. ಅವ್ವ ಹೇಳಿಕೊಟ್ಟಂತೆ ನಾನು ಜಮಖಾನದ ಅಂಚಿನಲ್ಲಿ ತಲೆ ತಗ್ಗಿಸಿ ಕೂತೆ. ಅಮಲ್ದಾರರು ಮೀಸೆ ಒರೆಸಿಕೊಂಡು, "ಎಕ್ಸ್, ಕ್ಯೂ," ಅಂದರು.

ಹುಡುಗ ಸ್ವಲ್ಪ ಯೋಚಿಸಿ ಎಕ್ಸ್‌ಚೆಕರ್ ಅಂದರು. ಬೊಕ್ಕಸ. ಒಂಬತ್ತು ಅಕ್ಷರ. ಕೆಟ್ಟ ಪದವೇನಲ್ಲ. ನಾನು ಜಮಖಾನದ ಎಳೆ ನೋಡುತ್ತಲೇ ಎಕ್ಸ್‌ಕ್ವಿಸಿಟ್‌ನೆಸ್ ಅಂದೆ. ಅಮಲ್ದಾರರು ಎಣಿಸಲು ಹೊರಟರು; ಎರಡೂ ಕೈಯ ಬೆರಳು ಸಾಲದೆ ಮತ್ತೆ ಹೆಬ್ಬೆರಳಿಗೆ ಬಂದರು. ಅರ್ಥ ಕೇಳಿದರು. ನವುರಾದ ಚೆಲುವು ಅಂದೆ. ಹುಡುಗ ನಕ್ಕು, "ಸೋತೆ ಬಿಡಿ," ಅಂದರು. ಸುಳ್ಳೇಕೆ ಹೇಳಲಿ, ಆ ನಗು ನನಗೆ ಹಿಡಿಸಿತು.

ಅಮಲ್ದಾರರು ತೊಡೆ ತಟ್ಟಿಕೊಂಡರು. "ಮೇಷ್ಟ್ರೇ, ಹುಡುಗಿ ನಮಗೆ ಒಪ್ಪಿಗೆ. ಬಿ.ಎ. ಆದೋನನ್ನೇ ಸೋಲಿಸಿದ್ಲಲ್ಲ, ಇನ್ನು ಇವಳಿಗೆ ಕಾಲೇಜು ಯಾಕೆ ಹೇಳಿ? ಕಲಿಯೋಕೆ ಇನ್ನೇನು ಉಳಿದದೆ? ಆಷಾಢ ಬರೋದ್ರೊಳಗೆ ಮುಗಿಸ್ಬುಡಣ."

ನಾನು ತಲೆ ಎತ್ತಿ ಅಪ್ಪನನ್ನು ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಮಗಳನ್ನು ಹೊಗಳಿದ್ದಕ್ಕೆ ಅಪ್ಪನ ಮುಖ ಊರಗಲ ಆಗಿತ್ತು. "ಅದೂ ನಿಜವೇ ಅನ್ನಿ," ಅಂದರು.

ಹಿತ್ತಲಲ್ಲಿ ನನ್ನ ಕಣ್ಣೊರೆಸಿ ಮಾತು ಕೊಟ್ಟವರು ಇವರೇನಾ? ಸೋತಿದ್ದರೆ ದಡ್ಡಿ, ಓದಿ ಏನಾಗಬೇಕು ಅನ್ನುತ್ತಿದ್ದರು. ಗೆದ್ದಿದ್ದಕ್ಕೆ ಜಾಣೆ, ಓದಿ ಏನಾಗಬೇಕು ಅಂದರು. ನನ್ನ ಕುತ್ತಿಗೆಗೆ ಹಗ್ಗ ಹೊಸೆದುಕೊಟ್ಟವಳು ನಾನೇ.

"ಎಲೆ ಅಡಿಕೆ ತಗೊಂಡ್ ಬಾ," ಎಂದು ಅಪ್ಪ ಒಳಕ್ಕೆ ಕೂಗಿದರು. ನಮ್ಮಲ್ಲಿ ಎರಡು ಕಡೆಯವರೂ ಎಲೆ ಅಡಿಕೆ ಬದಲಾಯಿಸಿಕೊಂಡರೆ ಮಾತು ಗಟ್ಟಿ. ಆಮೇಲೆ ಹಿಂದೆಗೆದರೆ ನಾಲ್ಕು ಜನ ಉಗಿಯುತ್ತಾರೆ. ಅಡುಗೆಮನೆಯಿಂದ ಸದ್ದಿಲ್ಲ. ಅಪ್ಪ ಮತ್ತೆ ಕೂಗಿದರು. ಅವ್ವ ಬಾಗಿಲಿಗೆ ಬಂದು ನಿಂತಳು. ಕೈ ಬರಿದಾಗಿತ್ತು.

"ಎಲೆ ಇಲ್ಲ ಕಣ್ರೀ. ಮುಗ್ದೋಗವೆ."

ನಾನು ಬೆಚ್ಚಿಬಿದ್ದೆ. ಮೈಸೂರಿನಲ್ಲಿ ಹೆಣ್ಣು ನೋಡಲು ಬಂದವರ ಎದುರು ಎಲೆ ಇಲ್ಲ ಅನ್ನುವುದೂ ಒಂದೇ, ಎದ್ದು ಹೊರಡಿ ಅನ್ನುವುದೂ ಒಂದೇ. ಗಂಜಿಗೆ ಗತಿಯಿಲ್ಲದ ಮನೆಯಲ್ಲೂ ಬಂದವರಿಗೆಂದು ಎರಡು ಎಲೆ ಇಟ್ಟಿರುತ್ತಾರೆ. ಅಪ್ಪ ತಡವರಿಸಿ, ಅಂಗಡಿಯಿಂದ ತರಿಸುತ್ತೇನೆ ಅಂದರು. "ಈ ಹೊತ್ನಲ್ಲಿ ಎಲ್ಲೂ ಸಿಕ್ಕಾಕಿಲ್ಲ," ಅಂದಳು ಅವ್ವ. ಅಂಗಡಿ ನಮ್ಮ ಬೀದಿಯ ಮೂಲೆಯಲ್ಲೇ ಇತ್ತು, ಬಾಗಿಲು ತೆರೆದಿತ್ತು, ಜಗಲಿಯಿಂದ ಕಾಣುತ್ತಿತ್ತು.

ಅಮಲ್ದಾರರು ತಾಲ್ಲೂಕು ಆಳಿದವರು, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಡೆ ಎತ್ತಿಕೊಂಡು ಮೆಟ್ಟಿಲಿಳಿದರು. ಹುಡುಗ ಒಮ್ಮೆ ತಿರುಗಿ ನೋಡಿ ಅವರ ಹಿಂದೆ ಹೋದರು. ಹುಡುಗನ ತಾಯಿ ಮಾತ್ರ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಅವ್ವನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

ಅಪ್ಪ ಅಡುಗೆಮನೆಗೆ ನುಗ್ಗಿದರು. ನಾನೂ ಹಿಂದೆಯೇ ಹೋದೆ. ಒದ್ದೆ ಬಟ್ಟೆ ಹೊದಿಸಿದ ಎಲೆಯ ಕಟ್ಟು ಬೆಳಗ್ಗೆ ತಂದಿಟ್ಟ ಹಾಗೆಯೇ ತಟ್ಟೆಯ ಮೇಲಿತ್ತು.

"ನನ್ನ ಮಾನ ಕಳೆದ್ಬುಟ್ಟೆಯಲ್ಲೇ," ಅಂದರು ಅಪ್ಪ.

ಅವ್ವ ಎರಡು ಎಲೆ ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿಕೊಂಡಳು. "ನೀವೆಲ್ಲ ಇಂಗ್ಲಿಷ್ನಲ್ಲಿ ಏನಂದ್ರೋ ನಂಗೆ ತಿಳೀನಿಲ್ಲ. ಅವರು ಕಾಲೇಜು ಯಾಕೆ ಅಂದದ್ದು ಕನ್ನಡದಲ್ಲಿ. ನೀವು ನಿಜ ಅಂದದ್ದೂ ಕನ್ನಡದಲ್ಲಿ." ಮಡಿಸಿದ ಎಲೆಯನ್ನು ಬಾಯಿಗಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ನೀನ್ಯಾಕೆ ನಿಂತಿದ್ದೀಯೆ? ಹೋಗಿ ಅರ್ಜಿ ಬರಿ."