ಹದಿನಾಲ್ಕಕ್ಕೆ ಹದಿನಾಲ್ಕು

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ನನ್ನ ಮನಸ್ಸು ಹೇಗಿದೆ ಎಂದು ಕೇಳಲು ಸರ್ವೇ ದೀದಿಯೊಬ್ಬರು ನಮ್ಮ ಹೋಟೆಲಿಗೇ ಬಂದಿದ್ದರು. ಪ್ರಶ್ನೆ ಐನೂರು. ಸರಿ, ನಲವತ್ತು.

ನನಗೆ ಹದಿನಾರು, ಹಾಗಾಗಿ ಒಪ್ಪಿಗೆ ಫಾರಂಗೆ ಅಪ್ಪನ ಸಹಿ ಬೇಕಿತ್ತು. ಕಾಲೇಜಿನ ಯಾವುದೋ ಪ್ರಾಜೆಕ್ಟ್ ಅಂದುಕೊಂಡು ಅಪ್ಪ ಕೌಂಟರಿನಲ್ಲಿ ಕೂತಲ್ಲೇ ಓದದೆ ಸಹಿ ಜಡಿದರು. ಮಾತು ಯಾರ ಕಿವಿಗೂ ಬೀಳಬಾರದು ಎಂದು ದೀದಿ ಅಂದದ್ದಕ್ಕೆ ನಾವಿಬ್ಬರೂ ಫ್ಯಾಮಿಲಿ ರೂಮಿಗೆ ಹೋದೆವು. ನಾವು ಹೊಸದಾಗಿ ಬಂದ ಈ ಇಡೀ ಸಂಭಾಜಿನಗರದಲ್ಲಿ ನಮಗೆಂದು ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಅದೊಂದೇ.

ನಾನು ಬಿಟ್ಟ ಬುರುಡೆಗೆ ದೀದಿಯ ಟ್ಯಾಬ್ ಬಿಸಿಯಾಯಿತು.

"ನಿದ್ದೆ ಬರುತ್ತಾ?"

"ಕುಂಭಕರ್ಣ ನನ್ನ ಹತ್ತಿರ ಟ್ಯೂಷನ್‌ಗೆ ಬರ್ತಾನೆ."

"ಗೆಳೆಯರು?"

"ಅರ್ಧ ನಾಸಿಕ್."

"ಇಲ್ಲಿ?"

"ಮೂರು ಹಲ್ಲಿ ಇದ್ದಾವೆ ದೀದಿ. ಅದರಲ್ಲಿ ಒಂದಕ್ಕೆ ಸ್ವಲ್ಪ ಜಂಬ."

"ಕಳೆದ ಹದಿನಾಲ್ಕು ದಿನದಲ್ಲಿ ಎಷ್ಟು ದಿನ ಏನೂ ಬೇಡ ಅನಿಸಿದೆ?"

"ಹದಿನಾಲ್ಕಕ್ಕೆ ಹದಿನಾಲ್ಕು. ಭಾನುವಾರ ಓವರ್‌ಟೈಮ್."

ದೀದಿ ನಗಲಿಲ್ಲ. ಟ್ಯಾಬನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಸರ್ವೇ ಸಾಕು. ಇದು ಜೋಕಾ?"

ಇನ್ನೊಂದು ಜೋಕ್ ರೆಡಿ ಇತ್ತು. ಅದನ್ನು ಪಕ್ಕಕ್ಕಿಟ್ಟೆ. ಅಲ್ಲ ಎಂದು ತಲೆ ಆಡಿಸಿದೆ. ಅಪ್ಪ ಇಲ್ಲಿ ಹೋಟೆಲ್ ಹಾಕಿ ನಾವು ನಾಸಿಕ್ ಬಿಟ್ಟ ಮೇಲೆ ನಿದ್ದೆ ಇಲ್ಲ, ಬೆಳಿಗ್ಗೆ ಏಳುವುದಕ್ಕೆ ಕಾರಣವೂ ಇಲ್ಲ ಎಂದು ಮೊದಲ ಸಲ ಒಬ್ಬರಿಗೆ ಹೇಳಿದೆ. ಇದನ್ನು ಏರಿಸಿ ಹೇಳಲಿಲ್ಲ.

ದೀದಿ ಪೂರ್ತಿ ಕೇಳಿದರು. ಆಮೇಲೆ ಕೌನ್ಸೆಲರ್ ನಂಬರಿನ ಚೀಟಿ ಕೊಟ್ಟರು. "ಗುರುವಾರ ನಾನೇ ಕರ್ಕೊಂಡು ಹೋಗ್ತೀನಿ. ಅಪ್ಪನಿಗೆ ಹೇಳಲೇಬೇಕಾಗುತ್ತೆ. ಹೇಗೆ ಹೇಳೋಣ?"

ನಾನು ಬೆರಳು ಮಡಿಸಿದೆ. ಗುರುವಾರಕ್ಕೆ ಮೂರೇ ದಿನ.

ಅಷ್ಟರಲ್ಲಿ ಅಪ್ಪ ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬಂದರು. ಒಂದು ಕೈಯಲ್ಲಿ ಬನ್ಸ್, ಇನ್ನೊಂದರಲ್ಲಿ ಕಾಫಿ. ಫ್ಯಾಮಿಲಿ ರೂಮಿನಲ್ಲಿ ಕೂತವರು ತಿನ್ನದೆ ಎದ್ದು ಹೋದರೆ ಅಪ್ಪನಿಗೆ ಅವಮಾನ. ಚೀಟಿ ಮೇಜಿನ ಮೇಲಿತ್ತು. ಈ ಸಲ ಅಪ್ಪ ಪೂರ್ತಿ ಓದಿದರು.

"ಎಂತ ಮಾರಾಯ ಇದು? ಮೂರು ಹೊತ್ತು ತಿಂತಿ, ನಿಂಗೆಂತ ಮಂಡೆಬಿಸಿ?" ಆಮೇಲೆ ದೀದಿಯ ಕಡೆ ತಿರುಗಿ ಹಿಂದಿಯಲ್ಲಿ, ಬಹಳ ನಯವಾಗಿ: "ಇವನು ಎಲ್ಲಾನೂ ಏರಿಸಿ ಹೇಳ್ತಾನೆ ಮೇಡಂ. ಸಣ್ಣವನಿರುವಾಗಿಂದ ಹಾಗೇ. ಮನೆಯಲ್ಲಿ ಯಾರೂ ನಂಬೋದಿಲ್ಲ."

"ಸರ್, ಈ ಸಲ ಅವನು ನಿಜ ಹೇಳ್ತಿದ್ದಾನೆ."

"ಕೇಳಿ ಬೇಕಾದ್ರೆ." ಅಪ್ಪ ನನ್ನನ್ನು ನೋಡಿದರು. "ಜೋಕ್ ಅಲ್ವಾ?"

"ಜೋಕ್," ಅಂದೆ.

ಅಪ್ಪ ಫಾರಂ ಕೇಳಿ ತೆಗೆದುಕೊಂಡು ಸಹಿಗೆ ಅಡ್ಡಗೆರೆ ಹೊಡೆದರು. ಚೀಟಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಬಿಸಿ ಇದೆ, ತಿನ್ನಿ ಮೇಡಂ," ಅಂದರು. ದೀದಿ ಬನ್ಸ್ ಮುಗಿಸುವವರೆಗೂ ಅಪ್ಪ ನಮ್ಮಿಬ್ಬರ ನಡುವೆಯೇ ನಿಂತಿದ್ದರು.