ಬೇಟೆಯ ಮೇಳಕ್ಕೆ ಎರಡು ಬಕೆಟ್ ಮೊಸರು

ನಮ್ಮ ಮನೆಯಲ್ಲಿ ಮೊಸರು ಹೆಪ್ಪುಗಟ್ಟುವುದು ಒಂದು ಬಿಳಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಅದರ ಮೈಮೇಲೆ ಒಂದು ಕಾಲಕ್ಕೆ ನೀಲಿ ಬಣ್ಣದ ಅರಬ್ಬಿ ಬರಹವಿತ್ತು. ತಿಕ್ಕಿ ತಿಕ್ಕಿ ಈಗ ಎರಡು ಚುಕ್ಕೆ ಮಾತ್ರ ಉಳಿದಿವೆ. ಇವತ್ತು ಬೆಳಿಗ್ಗೆ ಏಳುವಷ್ಟರಲ್ಲಿ ಅಡುಗೆಮನೆಯೆಲ್ಲ ಹುಳಿ ವಾಸನೆ. ಬಕೆಟ್ಟಿನ ತಳ ಸೀಳಿ, ಮೊಸರಿನ ನೀರು ಕಟ್ಟೆಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನನ್ನ ಹೆಂಡತಿ ಗಿರಿಜಾ ಅದನ್ನು ಬೆಳಕಿಗೆ ಎತ್ತಿ ಹಿಡಿದು, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ನೋಡಿ, "ಇದರ ಋಣಾ ತೀರಿತ್ರಿ. ಇನ್ನ ತುಳಸಿ ಹಚ್ಚಾಕ ಅಷ್ಟ ಬರ್ತೈತಿ" ಎಂದಳು.

ನನಗೆ ಯಾಕೋ ಎದೆ ಧಸಕ್ಕೆಂದಿತು. ಒಂದು ಬಕೆಟ್ಟಿಗೆ ಇಷ್ಟು ಯಾಕೆ ಎಂದು ನೀವು ಕೇಳಬಹುದು. ಕುಳಿತುಕೊಳ್ಳಿ, ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ನಿವೃತ್ತನಾದವನ ಹತ್ತಿರ ಬೇರೆ ಏನಿರುತ್ತದೆ, ಹೊತ್ತು ಬಿಟ್ಟರೆ?

ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಊರಿಗೆ ಬರೆಯುವ ಪತ್ರದಲ್ಲಿ 'ಆಫೀಸಿನ ಎಲ್ಲ ವ್ಯವಹಾರ ನನ್ನ ಕೈಯಲ್ಲಿ' ಎಂದು ಬರೆಯುತ್ತಿದ್ದೆ. ಸುಳ್ಳೇನಲ್ಲ, ಎಲ್ಲ ವ್ಯವಹಾರದ ಕಾಗದಗಳೂ ನನ್ನ ಕೈಯಲ್ಲೇ ಟೈಪಾಗುತ್ತಿದ್ದವು. ಹೋದ ಹೊಸದರಲ್ಲಿ ನನಗೆ ಅರಬ್ಬಿಯ ಒಂದಕ್ಷರ ಬರುತ್ತಿರಲಿಲ್ಲ. ಮೊದಲ ವಾರ ಸ್ಟೋರಿನವನ ಬಳಿ ಹೋಗಿ ಪಿನ್ನಿನ ಡಬ್ಬಿ ಕೇಳಿದೆ. ಅವನು ಕೈ ಅಲ್ಲಾಡಿಸಿ, "ಮಾಫಿ" ಎಂದ. ಇಷ್ಟು ಸಣ್ಣ ವಿಷಯಕ್ಕೆ ಪಾಪ, ಈ ಮನುಷ್ಯ ಮಾಫಿ ಕೇಳುತ್ತಾನಲ್ಲ ಎಂದು ಕರುಳು ಚುರ್ರೆಂದಿತು. "ಇರಲಿ ಬಿಡಿ, ನಾಳೆ ಕೊಡಿ" ಎಂದು ಅವನ ಭುಜ ತಟ್ಟಿ ಬಂದೆ. ಮರುದಿನವೂ ಮಾಫಿ, ಮೂರನೆಯ ದಿನವೂ ಮಾಫಿ. ಎಂಥ ಸಂಭಾವಿತ ಜನವಪ್ಪಾ ಎಂದುಕೊಂಡೆ. ಮಾಫಿ ಎಂದರೆ ಅಲ್ಲಿ 'ಇಲ್ಲ' ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ತಿಳಿಸಿದವರು ಹಸನಬ್ಬ. ಉಳ್ಳಾಲದ ಬ್ಯಾರಿ, ಕಂಪನಿಯ ಡ್ರೈವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನನ್ನ ಧಾರವಾಡ ಕಡೆಯ ಮಾತು ಅವರಿಗೆ ನಗೆ, ಅವರ 'ಉಂಟು, ಎಂತ' ನನಗೆ ನಗೆ. ಆದರೂ ಆ ಊರಿನಲ್ಲಿ ಕನ್ನಡ ಆಡಲು ನನಗಿದ್ದವರು ಅವರೊಬ್ಬರೇ. ಉಳಿದಂತೆ ನಮ್ಮ ಮೆಸ್ಸು ಮಲಯಾಳಿಗಳದು. ಮೂರು ವರ್ಷ ಅಲ್ಲಿ ಉಂಡು ಉಂಡು ನಾನು ಚೋರು, ಮೋರು, ತೈರು ಎನ್ನಲು ಕಲಿತಿದ್ದೆ. ಅನ್ನ, ಮಜ್ಜಿಗೆ, ಮೊಸರು. ಹುಳಿ ಮೊಸರಿಲ್ಲದೆ ರೊಟ್ಟಿ ಇಳಿಯದ ನಮ್ಮಂಥವರಿಗೆ ಅಷ್ಟು ಭಾಷೆ ಸಾಕು.

ಇನ್ನು ನಮ್ಮ ಮಾಲೀಕರು. ಅಲ್ಲಿ ನಾವೆಲ್ಲ ಅವರನ್ನು ಅರಬಾಬ್ ಎನ್ನುತ್ತಿದ್ದೆವು. ಕಡಿಮೆ ಮಾತಿನ ಮನುಷ್ಯ. ಬೈದದ್ದನ್ನು ನಾನು ಕಂಡಿಲ್ಲ. ಆದರೆ ಅವರು ಸುಮ್ಮನೆ ನೋಡಿದರೆ ಟೈಪ್‌ರೈಟರಿನ ಮೇಲೆ ನನ್ನ ಬೆರಳು ತಪ್ಪುತ್ತಿದ್ದವು. ಆ ವರ್ಷ ಅವರು ಹೊರದೇಶದಿಂದ ಒಂದು ಬೇಟೆಯ ಗಿಡುಗ ತರಿಸಿದರು. ಅದರ ಕಾಗದಪತ್ರವೆಲ್ಲ ನನ್ನದೇ. 'ಫಾಲ್ಕನ್, ಒಂದು, ಹೆಣ್ಣು' ಎಂದು ಹತ್ತು ಪ್ರತಿ ಟೈಪು ಮಾಡಿ, ಆಫೀಸಿಂದ ಆಫೀಸಿಗೆ ಓಡಾಡಿ, ಒಂದೇ ವಾರದಲ್ಲಿ ಮುಗಿಸಿದೆ. ಹಕ್ಕಿ ವಿಮಾನದಲ್ಲಿ ಬಂದಿಳಿಯಿತು.

ಅದೇ ಹೊತ್ತಿನಲ್ಲಿ ನನ್ನ ಕೈಚೀಲದಲ್ಲಿ ಇನ್ನೊಂದು ಕಾಗದವಿತ್ತು. ಗಿರಿಜಾ ಮತ್ತು ಮಗಳನ್ನು ಕರೆಸಿಕೊಳ್ಳುವ ಅರ್ಜಿ. ಅರಬಾಬರ ಒಂದು ಸಹಿ ಬಿದ್ದರೆ ಉಳಿದದ್ದೆಲ್ಲ ಆಗುತ್ತಿತ್ತು. ಮಗಳಿಗೆ ಮೂರು ತುಂಬಿತ್ತು. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, ಒಳಗೆ ಓಡಿ, "ಅವ್ವಾ, ಯಾರೋ ಮಾಮಾ ಬಂದಾರ" ಎಂದಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತೆ.

ಅಷ್ಟಾದರೂ ಆ ಅರ್ಜಿಯನ್ನು ಅರಬಾಬರ ಮುಂದೆ ಇಡಲು ನನಗೆ ಧೈರ್ಯ ಬರಲಿಲ್ಲ. ಒಂದು ದಿನ ಅವರ ಮುಖ ಗಂಟಾಗಿರುತ್ತಿತ್ತು, ಇನ್ನೊಂದು ದಿನ ಚೆನ್ನಾಗಿರುತ್ತಿತ್ತು, ಚೆನ್ನಾಗಿರುವುದನ್ನು ಯಾಕೆ ಕೆಡಿಸಬೇಕು ಎನಿಸುತ್ತಿತ್ತು. ನಿಜ ಹೇಳಬೇಕೆಂದರೆ, ಕೇಳದಿರುವ ತನಕ ಆಸೆ ಇರುತ್ತದೆ. ಕೇಳಿದ ಮೇಲೆ ಮಾಫಿ ಎಂದುಬಿಟ್ಟರೆ? ಆರು ತಿಂಗಳು ಹೀಗೇ ಹೋಯಿತು. ಗಿರಿಜಾಳಿಗೆ ಮಾತ್ರ ಪ್ರತಿ ಪತ್ರದಲ್ಲೂ 'ಕಾಗದ ಅರಬಾಬರ ಮೇಜಿನ ಮೇಲಿದೆ, ಇವತ್ತು ನಾಳೆ ಆಗುತ್ತದೆ' ಎಂದು ಬರೆದೆ.

ಹಸನಬ್ಬರು ಬಿಡುತ್ತಿರಲಿಲ್ಲ. "ನೀವು ಹೀಗೆ ಕಾವು ಕೊಟ್ಟು ಇಟ್ರೆ ಆ ಕಾಗದ ಮರಿ ಹಾಕ್ಲಿಕ್ಕೆ ಉಂಟಾ? ಒಂದು ಸಲ ಕೊಟ್ಟು ನೋಡಿ ಮಾರಾಯ್ರೆ."

"ಕೊಡತೀನ್ರಿ, ಚೊಲೊ ಹೊತ್ತು ನೋಡಿ ಕೊಡತೀನಿ" ಎನ್ನುತ್ತಿದ್ದೆ.

ಆ ಚಳಿಗಾಲ ಕಡಲ ಬದಿಯ ಬಯಲಿನಲ್ಲಿ ಮೀನುಗಾರಿಕೆ, ಬೇಟೆ, ಮರಳುಗಾಡಿನ ಪ್ರವಾಸ ಇವುಗಳದೊಂದು ದೊಡ್ಡ ಮೇಳ ಏರ್ಪಾಟಾಯಿತು. ಈಗ ದೋಹಾದ ವೆಸ್ಟ್ ಬೇ ಕಡೆ ಗಾಜಿನ ಗೋಪುರಗಳು ಒತ್ತಾಗಿ ನಿಂತಿವೆಯಲ್ಲ, ಆಗ ಅಲ್ಲಿ ಬಹುಪಾಲು ಮರಳು ಮತ್ತು ಗಾಳಿ. ಅರಬಾಬರು ಅಲ್ಲೊಂದು ಡೇರೆ ಹಾಕಿಸಿ, ಗೆಳೆಯರನ್ನು ಕೂಡಿಸಿಕೊಂಡು, ಆಫೀಸಿಗೆ ಬರುವುದನ್ನೇ ಬಿಟ್ಟರು. ಹಸನಬ್ಬರೂ ಅಲ್ಲೇ.

ಗುರುವಾರ ಮಧ್ಯಾಹ್ನ ಆಫೀಸಿನ ಫೋನ್ ರಿಂಗಣಿಸಿತು. ಅರಬಾಬರು. ಹಿಂದಿ, ಅರಬ್ಬಿ, ಇಂಗ್ಲಿಷು ಎಲ್ಲ ಕಲಸಿದ ಮಾತು: "ಮಜ್ಲಿಸ್, ತೈರ್, ಜೀಬ್. ಗಾಡಿಯಲ್ಲಿ ಏಸಿ ಫುಲ್. ಮುಖ ಮುಚ್ಚಿರಬೇಕು, ತೆಗೆಯಬೇಡ. ನಿಧಾನ, ಅಲ್ಲಾಡಬಾರದು. ನಾಲ್ಕು ಗಂಟೆಯೊಳಗೆ. ಯಲ್ಲಾ." ಫೋನ್ ಇಟ್ಟರು.

ಜೀಬ್ ಎಂದರೆ ತಾ, ಯಲ್ಲಾ ಎಂದರೆ ಬೇಗ. ಮಜ್ಲಿಸ್ ಎಂದರೆ ಅತಿಥಿಗಳು ಕೂರುವ ಜಾಗ. ತೈರು ಗೊತ್ತೇ ಇದೆ. ನೀವೇ ಹೇಳಿ, ಇದರಲ್ಲಿ ಸಂಶಯ ಪಡುವಂಥದ್ದು ಏನಿದೆ? ಏಸಿ ಯಾಕೆ, ಹುಳಿಯಾಗಬಾರದು. ಮುಚ್ಚಳ ಯಾಕೆ, ಮರಳು ಬೀಳಬಾರದು. ನಿಧಾನ ಯಾಕೆ, ಚೆಲ್ಲಬಾರದು. ನಾನು ಬೀದಿಯ ಕೊನೆಯ ಬಕಾಲಕ್ಕೆ, ಅಂದರೆ ಕಿರಾಣಿ ಅಂಗಡಿಗೆ, ಹೋಗಿ ಎರಡು ದೊಡ್ಡ ಬಕೆಟ್ ಮೊಸರು ಕೇಳಿದೆ. ಅಂಗಡಿಯ ಕಾಕಾ, "ಕಲ್ಯಾಣಮಾಣೋ?" ಎಂದು, ಮದುವೆಯೇನೋ ಎಂದು ವಿಚಾರಿಸಿದರು. ಇಲ್ಲ, ಅರಬಾಬರ ಬೇಟೆಗೆ ಎಂದೆ. ಬಕೆಟ್ಟುಗಳನ್ನು ಕಂಪನಿಯ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂಡಿಸಿ, ಬೆಲ್ಟು ಬಿಗಿದು, ಏಸಿ ಹಚ್ಚಿ, ನಾನೇ ಗಾಡಿ ಓಡಿಸುತ್ತ, ಬಾಣಂತಿಯನ್ನು ಕರೆದೊಯ್ಯುವ ಹಾಗೆ ಮೇಳಕ್ಕೆ ಒಯ್ದೆ. ಮನಸ್ಸಿನಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಊಟ ಮುಗಿದು, ಮೊಸರು ತಿಂದು, ಹೊಟ್ಟೆ ತಂಪಾದ ಮೇಲೆ ಅರ್ಜಿ ಮುಂದಿಡುವುದು.

ಎರಡೂ ಕೈಯಲ್ಲಿ ಬಕೆಟ್, ಬಗಲಲ್ಲಿ ಚೀಲ. ಡೇರೆ ಎಲ್ಲಿದೆಯೋ ಗೊತ್ತಿಲ್ಲ. ಮೇಳವೆಲ್ಲ ಸುತ್ತಿದೆ. ಜೀವಮಾನದಲ್ಲಿ ಬಸ್ಸು ಬಿಟ್ಟು ಬೇರೇನನ್ನೂ ಹಿಡಿಯದ ನನಗೆ ಅದೊಂದು ಬೇರೆಯೇ ಲೋಕ. ಆಳೆತ್ತರದ ಗಾಳದ ಕೋಲುಗಳು. ತಂತಿಯಲ್ಲಿ ಹೆಣೆದ, ನಮ್ಮ ಕಡೆ ಕೋಳಿ ಮುಚ್ಚುವ ಬುಟ್ಟಿಯಂಥ ಮೀನಿನ ಬೋನುಗಳು. ಗಾಜಿನ ಹಿಂದೆ ಬೀಗ ಹಾಕಿಸಿಕೊಂಡು ಮಲಗಿದ ಬಂದೂಕುಗಳು. ಮಡಚಿದರೆ ಚೀಲ, ಬಿಚ್ಚಿದರೆ ಮನೆಯಾಗುವ ಡೇರೆಗಳು. ದೂರದ ಯಾವುದೋ ಕಾಡಿಗೆ ಕರೆದೊಯ್ಯುತ್ತೇವೆಂದು ಒಬ್ಬ ಚಿತ್ರ ತೋರಿಸಿದ. ಗಾಳ ಮಾರುವ ಫಿಲಿಪ್ಪೀನಿನವನು ಒತ್ತಾಯ ಮಾಡಿ ಕೋಲು ಕೈಗೆ ಕೊಟ್ಟು, ಮರಳಿನ ಮೇಲಿದ್ದ ಟೈರಿನೊಳಗೆ ಗಾಳ ಎಸೆಯಲು ಹೇಳಿದ. ಬಕೆಟ್ ಕೆಳಗಿಟ್ಟು ಎಸೆದೆ. ಅದು ಹಿಂದಕ್ಕೆ ಬಂದು ನನ್ನದೇ ಅಂಗಿಯ ಕಾಲರಿಗೆ ಸಿಕ್ಕಿತು. "ಬಿಗ್ ಫಿಶ್, ಸಾರ್" ಎಂದು ಅವನು ನಗದೆ ಹೇಳಿ ಬಿಡಿಸಿಕೊಟ್ಟ. ಅಷ್ಟರಲ್ಲಿ ಉದ್ದ ಕಾಲಿನ ಬೇಟೆನಾಯಿಯೊಂದು ಬಂದು ಬಕೆಟ್ಟನ್ನು ಮೂಸಿ ನೋಡಿ ಹೋಯಿತು.

ಕೊನೆಗೂ ಡೇರೆ ಸಿಕ್ಕಿತು. ದಿಂಬಿಗೆ ಒರಗಿ ಅರಬಾಬರು, ಪಕ್ಕದಲ್ಲಿ ಬಿಳಿಗಡ್ಡದ ಮುದುಕರೊಬ್ಬರು, ಇನ್ನೂ ಮೂರು ನಾಲ್ಕು ಮಂದಿ. ಹಸನಬ್ಬರು ಅವರಿಗೆಲ್ಲ ಕಾವಾ, ಅಲ್ಲಿನ ಕಾಫಿ, ಬಗ್ಗಿಸುತ್ತಿದ್ದರು.

"ತೈರ್?" ಎಂದರು ಅರಬಾಬರು.

ನಾನು ಎರಡೂ ಬಕೆಟ್ ಎತ್ತಿ ತೋರಿಸಿದೆ.

ಹಸನಬ್ಬರು ಹಣೆಗೆ ಕೈ ಹಚ್ಚಿಕೊಂಡು ಮೆಲ್ಲಗೆ, "ಎಂತ ಮಾಡಿದ್ದು ಮಾರಾಯ್ರೆ ನೀವು? ತೈರ್ ಅಂದ್ರೆ ಇಲ್ಲಿ ಹಕ್ಕಿ. ಆ ಗಿಡುಗ. ಮನೆಯ ಮಜ್ಲಿಸ್‌ನಲ್ಲಿ ಕೂತ್ಕೊಂಡುಂಟು. ನಾಲ್ಕು ಗಂಟೆಗೆ ಅದರ ಪ್ರದರ್ಶನ" ಎಂದರು.

ಹತ್ತು ಸಲ ಫಾಲ್ಕನ್ ಎಂದು ಟೈಪು ಮಾಡಿದವನಿಗೆ ಅದರ ಮನೆಯ ಹೆಸರು ಗೊತ್ತಿರಲಿಲ್ಲ. ಮುಗಿಯಿತು, ಇನ್ನು ಅರ್ಜಿಯೂ ಇಲ್ಲ, ಕೆಲಸವೂ ಇಲ್ಲ ಎಂದುಕೊಂಡೆ. ಬಿಳಿಗಡ್ಡದವರು ಒಂದು ಬಕೆಟ್ಟಿನ ಮುಚ್ಚಳ ತೆಗೆದು, ಖರ್ಜೂರವೊಂದನ್ನು ಮೊಸರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, "ಜೈನ್" ಎಂದು ತಲೆದೂಗಿದರು. ಚೆನ್ನಾಗಿದೆ ಎಂದರ್ಥ. ಅದಾದ ಮೇಲೆ ಡೇರೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅರಬಾಬರು ಮಾತ್ರ ನಗಲಿಲ್ಲ. ಹಸನಬ್ಬರನ್ನು ಹಕ್ಕಿ ತರಲು ಓಡಿಸಿ, ನನಗೆ ಕೂರಲು ಸನ್ನೆ ಮಾಡಿದರು. ನಾನು ಚೀಲವನ್ನು ಎದೆಗೆ ಅವಚಿಕೊಂಡು ಕೂತೆ.

"ಅದರಲ್ಲಿ ಏನಿದೆ? ಇನ್ನೊಂದು ತೈರಾ?" ಎಂದರು.

ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ಅರ್ಜಿ ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ತಾರೀಖಿನ ಮೇಲೆ ಬೆರಳಿಟ್ಟರು.

"ಆರು ತಿಂಗಳು. ಎಲ್ಲಿತ್ತು?"

"ಇಲ್ಲೇ" ಎಂದು ಚೀಲ ತೋರಿಸಿದೆ.

"ಹಕ್ಕಿಯ ಕಾಗದ ಆಯಿತಾ ಅಂತ ನಾನು ದಿನಕ್ಕೆ ಎಷ್ಟು ಸಲ ನಿನ್ನನ್ನು ಕೇಳಿದೆ?"

"ಮೂರು ಸಲ."

"ಇದನ್ನು ನೀನು ನನ್ನನ್ನು ಎಷ್ಟು ಸಲ ಕೇಳಿದೆ?"

ನನ್ನ ಬಾಯಿಂದ ಒಂದೇ ಮಾತು ಹೊರಟಿತು. "ಮಾಫಿ."

ಆಗ ನಕ್ಕರು ನೋಡಿ. ಮೊಸರಿನ ಬಕೆಟ್ಟನ್ನೇ ಹತ್ತಿರ ಎಳೆದುಕೊಂಡು, ಮುಚ್ಚಳದ ಮೇಲೆ ಕಾಗದ ಇಟ್ಟು ಸಹಿ ಮಾಡಿದರು. ಮುಚ್ಚಳದ ಪಸೆ ತಾಗಿ ಕಾಗದದಲ್ಲಿ ಅರ್ಧಚಂದ್ರದಂಥ ಕಲೆ ಉಳಿಯಿತು. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎಂದು ನಮ್ಮವ್ವ ಸಾವಿರ ಸಲ ಹೇಳಿದ್ದಳು. ಅದು ತಲೆಗೆ ಹೋಗಲು ನಾನು ಕತಾರಿನ ತನಕ ಹೋಗಿ ಮೊಸರು ಹೊರಬೇಕಾಯಿತು. ಸ್ವಲ್ಪ ಹೊತ್ತಿಗೆ ಹಸನಬ್ಬರು ಹಕ್ಕಿ ತಂದರು. ಕಣ್ಣಿಗೆ ಚರ್ಮದ ಟೋಪಿ, ಕೈಗವಸಿನ ಮೇಲೆ ಅಲ್ಲಾಡದೆ ಕೂತಿತ್ತು. ನನಗಿಂತ ಗಂಭೀರವಾಗಿತ್ತು.

ಎರಡು ತಿಂಗಳಲ್ಲಿ ಗಿರಿಜಾ, ಮಗಳು ಬಂದಿಳಿದರು. ಡೇರೆಯಿಂದ ನಾನು ತಂದಿಟ್ಟುಕೊಂಡಿದ್ದ ಖಾಲಿ ಬಕೆಟ್ಟೊಂದರಲ್ಲಿ ಗಿರಿಜಾ ಹೆಪ್ಪು ಹಾಕತೊಡಗಿದಳು. ಹದಿನಾಲ್ಕು ವರ್ಷ ಅಲ್ಲಿ, ಆಮೇಲೆ ಇಲ್ಲಿ. ಮೊಸರಿನ ಕಥೆಯನ್ನು ನಾನು ಮದುವೆ ಮುಂಜಿಗಳಲ್ಲೆಲ್ಲ ಹೇಳಿ ನಗಿಸಿದ್ದೇನೆ. ಆರು ತಿಂಗಳ ಭಾಗವನ್ನು ಮಾತ್ರ ಎಂದೂ ಹೇಳಿರಲಿಲ್ಲ. ಕಥೆಯಲ್ಲಿ ಕಾಗದ ಯಾವಾಗಲೂ ಅರಬಾಬರ ಮೇಜಿನ ಮೇಲೇ ಇರುತ್ತಿತ್ತು. ಗಿರಿಜಾ ಊರಲ್ಲಿ ಸಣ್ಣ ಮಗಳನ್ನು ಕಟ್ಟಿಕೊಂಡು, ಅಂಚೆಯವನ ದಾರಿ ಕಾಯುತ್ತ ಕಳೆದ ಆರು ತಿಂಗಳು. ಅದು ನನ್ನ ಅಂಜುಬುರುಕುತನದ ಬೆಲೆ ಎಂದು ಯಾವ ಬಾಯಿಂದ ಹೇಳಲಿ?

ಇವತ್ತು ಅವಳು ಸೀಳಿದ ಬಕೆಟ್ ಹಿಡಿದು ಹಿತ್ತಿಲಿಗೆ ಹೊರಟಾಗ, ಇದೂ ಹೋದ ಮೇಲೆ ಇನ್ನು ಹೇಳುವುದು ಯಾವಾಗ ಎನಿಸಿತು. ಹಿಂದೆಯೇ ಹೋಗಿ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವಳು ಬಕೆಟ್ಟಿಗೆ ಮಣ್ಣು ತುಂಬುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ರಿ" ಎಂದಳು.

"ಹೆಂಗ?"

"ವೀಸಾದ ಕೂಡ ಅರ್ಜಿ ನಕಲು ಕಳಿಸಿದ್ರಲ್ಲ. ನನಗ ಇಂಗ್ಲಿಷ್ ಬರೂದಿಲ್ಲ, ಅಂಕಿ ಬರ್ತಾವು. ನಿಮ್ಮ ಸಹಿ ಕೆಳಗ ಒಂದ ತಾರೀಖು, ಅವರ ಸಹಿ ಕೆಳಗ ಒಂದ ತಾರೀಖು."

"ಮತ್ತ ಇಷ್ಟ ವರ್ಷ ಒಂದ ಮಾತು ಕೇಳಲಿಲ್ಲಲ್ಲ?"

"ನೀವಽ ಹೇಳ್ತೀರಿ ಅಂತ ಬಿಟ್ಟಿದ್ದೆ."

ತುಳಸಿ ಸಸಿಯನ್ನು ನಟ್ಟು, ಬುಡ ಒತ್ತಿ, ಕೈ ಜಾಡಿಸಿದಳು. "ಮಾಫಿ ಮಾಡ ಗಿರಿಜಾ" ಎಂದೆ.

ಅವಳು ತಿರುಗಿ ನನ್ನನ್ನು ಒಂದು ಗಳಿಗೆ ನೋಡಿದಳು. "ಮಾಫಿ" ಎಂದು, ಕೈ ತೊಳೆಯಲು ಒಳಗೆ ಹೋದಳು. ಅದು ಹುಬ್ಬಳ್ಳಿಯದೋ ದೋಹಾದ್ದೋ ನನಗೆ ತಿಳಿಯಲಿಲ್ಲ. ಈ ಸಲ ಸುಮ್ಮನೆ ಕೂರದೆ, ಕೇಳಲೆಂದು ನಾನೂ ಒಳಗೆ ಹೋದೆ.